ಮೊದಲ ಪಾಯ ನೋಡೂಣು

ನಮ್ಮ ಊಟದ ಟೇಬಲ್ ಮುಂದೆ ಮೂರು ವಾರದಿಂದ ಯಾರೂ ಊಟಕ್ಕೆ ಕೂತಿಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಉತ್ತರ ಭಾಗವನ್ನೂ ಪಕ್ಕದ ಯೂಟಾ ರಾಜ್ಯದ ದಕ್ಷಿಣ ಭಾಗವನ್ನೂ ತೋರಿಸುವ ದೊಡ್ಡದೊಂದು ಕಾಗದದ ನಕಾಶೆ ಅದರ ಮೇಲೆ ಹಾಸಿದೆ. ಮಡಿಕೆಗಳು ಎದ್ದು ನಿಲ್ಲದ ಹಾಗೆ ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ಲೋಟ ಇಟ್ಟಿದ್ದೇನೆ. ಪೆನ್ಸಿಲ್ಲಿನಿಂದ ಎಳೆದು, ಅಳಿಸಿ, ಮತ್ತೆ ಎಳೆದು ಪೇಜ್ ಊರಿನ ಹತ್ತಿರ ಕಾಗದ ಸವೆದು ತೆಳ್ಳಗಾಗಿದೆ.

ಅಕ್ಟೋಬರಿನಲ್ಲಿ ಅಪ್ಪ, ಅವ್ವ ಬಾದಾಮಿಯಿಂದ ಬರುತ್ತಾರೆ. ನಾನು ಅರಿಜೋನಾದ ಫೀನಿಕ್ಸಿಗೆ ಬಂದು ಹನ್ನೆರಡು ವರ್ಷವಾಯಿತು, ಅವರು ಬರುತ್ತಿರುವುದು ಇದೇ ಮೊದಲು. ಎಂಟು ದಿನ ರಜೆ ಸಿಕ್ಕಿದೆ. ಕಾರು ಇದೆ, ಗಂಡ ಓಡಿಸುತ್ತಾರೆ, ನಾನೂ ಓಡಿಸುತ್ತೇನೆ. ಕಣಿವೆಗಳ ನಾಡಿಗೆ ಹೋಗೋಣ ಎಂದು ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ಕಲ್ಲು ನೋಡಾಕ ಅಷ್ಟು ದೂರ ಯಾಕವ್ವ? ನಮ್ಮ ಬಾದಾಮ್ಯಾಗ ಕಲ್ಲಿಗೆ ಏನು ಬರ ಐತಿ?"

ಈ ಮಾತಿಗೆ ನನ್ನಲ್ಲಿ ಕೂಡಲೇ ಉತ್ತರ ಇರಲಿಲ್ಲ. ಅಪ್ಪ ಗೌಂಡಿ. ನಲವತ್ತು ವರ್ಷ ಕಲ್ಲಿನ ಗೋಡೆ ಕಟ್ಟಿದವರು. ಬಂಡೆಯ ಮೇಲೆ ಒಮ್ಮೆ ಕೈಯಾಡಿಸಿದರೆ ಅದು ಯಾವ ಕಡೆ ಸೀಳುತ್ತದೆ ಎಂದು ಹೇಳುತ್ತಿದ್ದರು. ನಾನು ಕೆಂಪುಗಲ್ಲಿನ ಪುಡಿ ಮೆತ್ತಿದ ಅವರ ಅಂಗಿಯನ್ನು ಹಿಡಿದುಕೊಂಡೇ ಬೆಳೆದವಳು. ಅವರಿಗೆ 'ಸುಂದರವಾದ ಜಾಗ' ಎಂದು ಹೇಳಿದರೆ ಸಾಲದು. ಅವರು ಕಲ್ಲನ್ನು ನೋಡುವ ರೀತಿಗೆ ತಕ್ಕ ಪ್ರವಾಸ ಕಟ್ಟಬೇಕು. ಈ ಮೂರು ವಾರ ಹೋದದ್ದು ಅದಕ್ಕೇ.

ಒಮ್ಮೆ ತಪ್ಪು ಮಾಡಿದ್ದೇನೆ, ಅದನ್ನು ಮೊದಲು ಹೇಳಿಬಿಡುತ್ತೇನೆ. 2014ರ ಜುಲೈ. ಇಲ್ಲಿಗೆ ಬಂದು ಕೆಲವೇ ತಿಂಗಳಾಗಿತ್ತು. ನಾಲ್ವರು ಗೆಳತಿಯರು ಸೇರಿ ಐದು ದಿನದಲ್ಲಿ ಏಳು ಜಾಗ ಎಂದು ಪಟ್ಟಿ ಮಾಡಿದೆವು. ಎರಡನೇ ದಿನ ಗ್ರ್ಯಾಂಡ್ ಕ್ಯಾನ್ಯನ್ನಿನ ಬ್ರೈಟ್ ಏಂಜಲ್ ಹಾದಿಯಲ್ಲಿ ಬೆಳಗಿನ ಹನ್ನೊಂದಕ್ಕೆ ಇಳಿಯಲು ಶುರು ಮಾಡಿದೆವು. ಕೈಯಲ್ಲಿ ತಲೆಗೊಂದು ನೀರಿನ ಬಾಟಲಿ. ಇಳಿಯುವುದು ಸುಲಭ, ಕಾಲು ತಾನೇ ಹೋಗುತ್ತದೆ. ಬೆಟ್ಟ ಹತ್ತುವವರಿಗೆ ಸುಸ್ತು ಮೊದಲು ಬರುತ್ತದೆ, ಸಾಕೆನಿಸಿದಲ್ಲಿ ತಿರುಗಬಹುದು. ಕಣಿವೆಯಲ್ಲಿ ಅದು ಉಲ್ಟಾ. ಸುಸ್ತು ಗೊತ್ತಾಗುವ ಹೊತ್ತಿಗೆ ಹತ್ತುವುದೆಲ್ಲ ಬಾಕಿ ಇರುತ್ತದೆ, ಕೆಳಕ್ಕೆ ಹೋದಷ್ಟೂ ಬಿಸಿಲು ಏರುತ್ತದೆ. ಮೂರು ಮೈಲಿ ಕೆಳಗಿನ ತಂಗುದಾಣದಲ್ಲಿ ನೀರು ಸಿಕ್ಕಿತು, ಹೊಟ್ಟೆ ತುಂಬ ಕುಡಿದೆವು. ಅಲ್ಲಿಂದ ಮೇಲೆ ಹತ್ತುವಾಗ ನಮ್ಮಲ್ಲೊಬ್ಬಳು ತಲೆ ಹಿಡಿದುಕೊಂಡು ಕೂತಳು. ವಾಂತಿ ಮಾಡಿದಳು. ಅವಳ ನೀಲಿ ಅಂಗಿಯ ಬೆನ್ನಿನ ಮೇಲೆ ಬೆವರು ಒಣಗಿ ಉಪ್ಪಿನ ಬಿಳಿ ಗೆರೆಗಳು ಮೂಡಿದ್ದವು, ಮಕ್ಕಳ ನಕಾಶೆಯ ದಂಡೆಯ ಹಾಗೆ. ಕೆಳಗಿನಿಂದ ಬರುತ್ತಿದ್ದ ಹಿರಿಯ ಹೆಂಗಸೊಬ್ಬಳು ನಿಂತು, ಅವಳ ಅಂಗಿಗೆ ನೀರು ಸುರಿದು, ಚೀಲದಿಂದ ಉಪ್ಪಿನ ಬಿಸ್ಕತ್ತು ತೆಗೆದು ಒಂದೊಂದಾಗಿ ತಿನ್ನಿಸಿದಳು. ಬರೀ ನೀರು ಕುಡಿದು ಉಪ್ಪು ತಿನ್ನದಿದ್ದರೆ ಅದೂ ಅಪಾಯ ಎಂದು ಅವಳೇ ಹೇಳಿದ್ದು. ನೆರಳು ಬಂದ ಮೇಲೆ ನೂರು ಹೆಜ್ಜೆಗೊಮ್ಮೆ ಕೂರುತ್ತ ಮೇಲೆ ಮುಟ್ಟಿದಾಗ ಸಂಜೆ ಏಳೂವರೆ.

ಆ ಐದು ದಿನದಲ್ಲಿ ನಾವು ಏಳೂ ಜಾಗ ಮುಟ್ಟಿದೆವು. ಇವತ್ತು ನನಗೆ ನೆನಪಿರುವುದು ಪಾರ್ಕಿಂಗ್ ಜಾಗಗಳು ಮತ್ತು ಆ ಉಪ್ಪಿನ ಗೆರೆಗಳು.

ಅದಕ್ಕೇ ಈ ಸಲ ಪೆನ್ಸಿಲ್ಲಿಗಿಂತ ಮೊದಲು ಕ್ಯಾಲೆಂಡರ್ ಹಿಡಿದೆ. ಅರಿಜೋನಾದಲ್ಲೂ ಮಾನ್ಸೂನ್ ಇದೆ, ಇಲ್ಲಿಯವರು ಅದೇ ಹೆಸರಿನಿಂದಲೇ ಕರೆಯುತ್ತಾರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ನಮ್ಮ ಮುಂಗಾರಿನ ಹಾಗೆ ದಿನವಿಡೀ ಹನಿಯುವುದಿಲ್ಲ. ಮಧ್ಯಾಹ್ನ ಒಂದೆಡೆ ಮೋಡ ಕಟ್ಟಿ ಅರ್ಧ ತಾಸಿನಲ್ಲಿ ಸುರಿದು ಹೋಗುತ್ತದೆ. ಬಂಡೆಯೇ ನೆಲವಾಗಿರುವ ನಾಡಿನಲ್ಲಿ ನೀರು ಇಂಗಲು ಎಡೆಯಿಲ್ಲ, ಹಳ್ಳ ಹಿಡಿದು ಓಡುತ್ತದೆ. 1997ರ ಆಗಸ್ಟ್ 12ರಂದು ಪೇಜ್ ಹತ್ತಿರದ ಆಂಟಿಲೋಪ್ ಕಣಿವೆಯಲ್ಲಿ ಹನ್ನೊಂದು ಪ್ರವಾಸಿಗರು ಪ್ರಾಣ ಕಳೆದುಕೊಂಡರು. ಮಳೆ ಬಿದ್ದದ್ದು ಮೈಲುಗಟ್ಟಲೆ ದೂರದಲ್ಲಿ. ಸೀಳಿನಂಥ ಕಣಿವೆಯ ಒಳಗೆ ನಿಂತವರಿಗೆ ಮೇಲೆ ಕಾಣುವುದು ಒಂದು ಗೇಣು ಆಕಾಶ, ಅದರಲ್ಲಿ ದೂರದ ಮೋಡ ಹೇಗೆ ಕಂಡೀತು? ಜುಲೈ, ಆಗಸ್ಟ್ ಬೇಡ ಎಂದು ಅಲ್ಲೇ ತೀರ್ಮಾನವಾಯಿತು. ಚಳಿಗಾಲದಲ್ಲಿ ಯೂಟಾದ ಬ್ರೈಸ್ ಕಣಿವೆಯಲ್ಲಿ ಹಿಮ. ಉಳಿದದ್ದು ಅಕ್ಟೋಬರ್.

ಅಕ್ಟೋಬರಿಗೂ ಒಂದು ಬೆಲೆ ಇದೆ. ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ತಿಂಗಳ ನಡುವೆ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ದಿನ ಗಿಡ್ಡ. ಕತ್ತಲಲ್ಲಿ ಈ ರಸ್ತೆಗಳ ಮೇಲೆ ಜಿಂಕೆಗಳು, ಕೆಲವೆಡೆ ದನಗಳೂ ನಿಂತಿರುತ್ತವೆ. ಹೀಗಾಗಿ ಕತ್ತಲಾದ ಮೇಲೆ ಕಾರು ಓಡಿಸುವುದಿಲ್ಲ ಎನ್ನುವುದು ನಮ್ಮ ಮೊದಲ ಕಟ್ಟಳೆ. ಇದೊಂದನ್ನು ಒಪ್ಪಿಕೊಂಡ ಕೂಡಲೇ ಪಟ್ಟಿಯ ಅರ್ಧ ಜಾಗಗಳು ತಾವೇ ಬಿದ್ದುಹೋದವು.

ಇನ್ನು ಗಡಿಯಾರದ ಗೋಜಲು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ತಾಸು ಮುಂದೆ ಇಡುವ ಪದ್ಧತಿ ಅರಿಜೋನಾದಲ್ಲಿ ಇಲ್ಲ, ಯೂಟಾದಲ್ಲಿ ಇದೆ. ಅರಿಜೋನಾದ ಒಳಗೇ ಇರುವ ನವಾಹೊ ಎಂಬ ಮೂಲನಿವಾಸಿ ಜನರ ಸೀಮೆಯಲ್ಲಿ ಇದೆ, ಅದರ ನಡುವಿನ ಹೋಪಿ ಜನರ ಸೀಮೆಯಲ್ಲಿ ಮತ್ತೆ ಇಲ್ಲ. ಒಂದೇ ಮಧ್ಯಾಹ್ನದಲ್ಲಿ ಫೋನಿನ ಗಡಿಯಾರ ಮೂರು ನಾಲ್ಕು ಸಲ ಹಿಂದೆ ಮುಂದೆ ಆಗುತ್ತದೆ. ಯಾವುದಾದರೂ ಗೈಡ್ ಜೊತೆ ಹೋಗುವ ಟಿಕೆಟ್ ತೆಗೆಯುವಾಗ 'ಇದು ಯಾರ ಗಡಿಯಾರದ ಹತ್ತು ಗಂಟೆ' ಎಂದು ಕೇಳಿಯೇ ತೆಗೆಯಿರಿ. ಅವ್ವನ ಕೈಗಡಿಯಾರವನ್ನು ಅರಿಜೋನಾದ ಸಮಯಕ್ಕೇ ಇಟ್ಟು, ಎಂಟೂ ದಿನ ಅದನ್ನೇ ನೋಡುವುದು ಎಂದು ಮಾತಾಗಿದೆ.

ದಾರಿಯ ಸರದಿ ಮಾತ್ರ ಎರಡು ವಾರ ಕೂತರೂ ಕೂಡಿಬರಲಿಲ್ಲ. ಎಲ್ಲರೂ ಹೇಳುವ ಸುತ್ತು ಇದು: ಗ್ರ್ಯಾಂಡ್ ಕ್ಯಾನ್ಯನ್, ಝಯಾನ್, ಬ್ರೈಸ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಮಾನ್ಯುಮೆಂಟ್ ವ್ಯಾಲಿ, ಮರಳಿ ಫೀನಿಕ್ಸ್. ಎರಡು ಸಾವಿರ ಕಿ.ಮೀ. ದಾಟುತ್ತದೆ. ಬಲಸುತ್ತು ಹೋಗಬೇಕೋ ಎಡಸುತ್ತು ಹೋಗಬೇಕೋ ಎಂದು ಯೋಚಿಸುತ್ತ ಒಂದು ರಾತ್ರಿ ಬ್ರೈಸಿನ ಬಗ್ಗೆ ಓದುತ್ತಿದ್ದೆ. ಅಲ್ಲಿ ಒಂದು ವಿಷಯ ಸಿಕ್ಕಿತು, ಎದ್ದು ಕೂತೆ. ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ಎಲ್ಲಕ್ಕಿಂತ ಮೇಲಿರುವ ಕಲ್ಲಿನ ಪದರವೇ ಝಯಾನಿನಲ್ಲಿ ಎಲ್ಲಕ್ಕಿಂತ ಕೆಳಗಿನ ಪದರ. ಝಯಾನಿನಲ್ಲಿ ಎಲ್ಲಕ್ಕಿಂತ ಮೇಲಿನದು ಬ್ರೈಸಿನಲ್ಲಿ ಎಲ್ಲಕ್ಕಿಂತ ಕೆಳಗಿನದು. ದಕ್ಷಿಣದಿಂದ ಉತ್ತರಕ್ಕೆ ನೆಲವೇ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಭೂವಿಜ್ಞಾನಿಗಳು ಅದನ್ನು 'ದೊಡ್ಡ ಮೆಟ್ಟಿಲು' ಎಂದೇ ಕರೆಯುತ್ತಾರೆ.

ಬಾದಾಮಿಯಲ್ಲಿ ಆಗ ಬೆಳಗಾಗಿತ್ತು. ಅಪ್ಪನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಮೂರು ಬೇರೆ ಬೇರೆ ಊರಲ್ಲ ಅಪ್ಪಾ, ಒಂದೇ ಗೋಡೆ, ಮೂರು ಕಡೆ ಮೂರು ಭಾಗ ಕಾಣುತ್ತದೆ ಎಂದೆ. ಅವರು ಯೋಚಿಸಲೂ ಇಲ್ಲ.

"ಹಂಗಾರ ಮೊದಲ ಪಾಯ ನೋಡೂಣು. ಆಮ್ಯಾಲ ಗೋಡಿ. ಕಡೀಕ ಮಾಳಗಿ."

ಎರಡು ವಾರದ ಗೊಂದಲ ಅವತ್ತೇ ಮುಗಿಯಿತು. ಗ್ರ್ಯಾಂಡ್ ಕ್ಯಾನ್ಯನ್ ಪಾಯ, ಝಯಾನ್ ಗೋಡೆ, ಬ್ರೈಸ್ ಮಾಳಗಿ. ಲೋಟಗಳನ್ನು ಎತ್ತಿ ನಕಾಶೆಯ ಬಲಗಡೆಯ ಅರ್ಧವನ್ನು ಹಿಂದಕ್ಕೆ ಮಡಿಚಿಬಿಟ್ಟೆ. ಆರ್ಚಸ್ ಹೋಯಿತು, ಕ್ಯಾನ್ಯನ್‌ಲ್ಯಾಂಡ್ಸ್ ಹೋಯಿತು, ಮಾನ್ಯುಮೆಂಟ್ ವ್ಯಾಲಿ ಹೋಯಿತು. ಮನಸ್ಸಿಗೆ ನೋವಾಗಲಿಲ್ಲ ಎಂದರೆ ಸುಳ್ಳು. ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿರುವ ಆರ್ಚಸ್ಸನ್ನು ಕಮಾನು ಕಟ್ಟಿದ ಮನುಷ್ಯನಿಗೆ ತೋರಿಸದೆ ಬಿಡುವುದು ಹೇಗೆ ಎಂದು ಒಂದು ದಿನ ಪೂರ್ತಿ ಒದ್ದಾಡಿದೆ. ಆದರೆ ಅಲ್ಲಿನ ಹೆಸರುವಾಸಿ ಡೆಲಿಕೇಟ್ ಕಮಾನಿನ ಬುಡಕ್ಕೆ ಹೋಗಿಬರಲು ಬೋಳು ಬಂಡೆಯ ಮೇಲೆ ಐದು ಕಿ.ಮೀ. ನಡೆಯಬೇಕು, ನೆರಳಿಲ್ಲ. ಅವ್ವನ ಮೊಣಕಾಲಿಗೆ ಅದು ಆಗದ ಮಾತು. ಅವ್ವನನ್ನು ಕಾರಿನಲ್ಲಿ ಕೂರಿಸಿ ಉಳಿದವರು ನೋಡಿಬರುವ ಜಾಗ ಯಾವುದೂ ಈ ಪ್ರವಾಸದಲ್ಲಿ ಇರಬಾರದು ಎಂಬುದು ನಮ್ಮ ಎರಡನೇ ಕಟ್ಟಳೆ.

ಪಾಯಕ್ಕೆ ಎರಡು ದಿನ ಕೊಟ್ಟಿದ್ದೇನೆ. ಗ್ರ್ಯಾಂಡ್ ಕ್ಯಾನ್ಯನ್ 446 ಕಿ.ಮೀ. ಉದ್ದ, ಕೆಲವೆಡೆ 29 ಕಿ.ಮೀ. ಅಗಲ, ಒಂದೂಮುಕ್ಕಾಲು ಕಿ.ಮೀ.ಗಿಂತ ಹೆಚ್ಚು ಆಳ. ನಾವು ಹೋಗುವುದು ದಕ್ಷಿಣದ ಅಂಚಿಗೆ. ಎದುರಿನ ಉತ್ತರದ ಅಂಚು ಹಕ್ಕಿಗೆ 16 ಕಿ.ಮೀ., ಕಾರಿಗೆ ಸುಮಾರು 345 ಕಿ.ಮೀ. ಆ ಕಡೆಗೆ ನಾವು ಹೋಗುವುದಿಲ್ಲ. 2025ರ ಜುಲೈನ ಕಾಡ್ಗಿಚ್ಚಿನಲ್ಲಿ ಅಲ್ಲಿನ ಹಳೆಯ ಲಾಡ್ಜ್ ಸುಟ್ಟುಹೋಯಿತು. ಕಲ್ಲಿನಿಂದ, ಮರದಿಂದ ಕಟ್ಟಿದ ಆ ಕಟ್ಟಡವನ್ನು ಅಪ್ಪನಿಗೆ ತೋರಿಸಬೇಕೆಂಬ ಆಸೆ ಇತ್ತು.

ದಕ್ಷಿಣದ ಅಂಚಿನ ಎತ್ತರ ಸುಮಾರು 2,100 ಮೀಟರ್, ಬಾದಾಮಿಯದು ಆರುನೂರರ ಒಳಗೆ. ಇಲ್ಲಿ ಗಾಳಿ ತೆಳು, ಉಸಿರು ಹಿಡಿಯುತ್ತದೆ. ಮೊದಲ ದಿನ ಫೀನಿಕ್ಸಿನಿಂದ ಮೂರೂವರೆ ತಾಸು ಓಡಿಸಿ, ಸಂಜೆ ಬೆಂಚಿನ ಮೇಲೆ ಕೂತು ನೋಡುವುದು, ಅಷ್ಟೇ. ಕಣಿವೆಯ ಅಂಚಿನ ಮೇಲೇ ಇರುವ ವಸತಿಗಳಿಗೆ ಹದಿಮೂರು ತಿಂಗಳು ಮೊದಲೇ ಬುಕಿಂಗ್ ತೆರೆಯುತ್ತದೆ, ನನಗೆ ಸಿಗಲಿಲ್ಲ. ದಿನಾ ರಾತ್ರಿ ನೋಡುತ್ತ ಕೂತಿದ್ದಕ್ಕೆ ಯಾರೋ ಬಿಟ್ಟುಕೊಟ್ಟ ಒಂದು ಕೋಣೆ ಮೊನ್ನೆ ಸಿಕ್ಕಿತು. ಅವತ್ತು ಮನೆಯಲ್ಲಿ ಹಬ್ಬ.

ಎರಡನೇ ದಿನಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಆಸೆ ಇಟ್ಟುಕೊಂಡಿರುವುದು ಒಂದು ಸಪಾಟು ಕಾಲುದಾರಿಯ ಮೇಲೆ. ಅದರ ಹೆಸರು 'ಟ್ರೇಲ್ ಆಫ್ ಟೈಮ್', ಕಾಲದ ಹಾದಿ. 2010ರಲ್ಲಿ ತೆರೆದದ್ದು. ಕಣಿವೆಯ ಅಂಚಿನಲ್ಲೇ ಹೋಗುವ ಈ ಹಾದಿಯಲ್ಲಿ ಮೀಟರಿಗೊಂದರಂತೆ ನೆಲದಲ್ಲಿ ಲೋಹದ ಗುರುತು ಕೂರಿಸಿದ್ದಾರೆ. ಒಂದು ಮೀಟರ್ ಅಂದರೆ ಹತ್ತು ಲಕ್ಷ ವರ್ಷ. ಇವತ್ತಿನಿಂದ ಹೊರಟು ಎರಡು ಕಿ.ಮೀ. ನಡೆದರೆ ಇನ್ನೂರು ಕೋಟಿ ವರ್ಷ ಹಿಂದೆ ಹೋಗಿರುತ್ತೀರಿ. ಪಕ್ಕದಲ್ಲಿ ಆಯಾ ವಯಸ್ಸಿಗೆ ತಕ್ಕ ಕಲ್ಲುಗಳನ್ನು ಕಣಿವೆಯ ಆಳದಿಂದ ತಂದು ಇಟ್ಟಿದ್ದಾರೆ. ಮುಟ್ಟಿ ನೋಡಬಹುದು. ಕಣಿವೆಗೆ ಇಳಿಯಲಾರದವರ ಹತ್ತಿರ ಕಣಿವೆಯೇ ಹತ್ತಿ ಬಂದ ಹಾಗೆ ನನಗೆ ಅನ್ನಿಸಿತು.

ಒಂದು ಲೆಕ್ಕ ಮಾಡಿದೆ. ಅಪ್ಪನಿಗೆ 71 ವರ್ಷ. ಆ ಹಾದಿಯ ಅಳತೆಯಲ್ಲಿ ಅದು ಒಂದು ಕೂದಲೆಳೆಯ ದಪ್ಪ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನ ಇದೆಯಲ್ಲ, ಕ್ರಿ.ಶ. 578ರದು, ಅಲ್ಲಿಂದ ಇಲ್ಲಿಯವರೆಗಿನ ಕಾಲ ಒಂದು ರೂಪಾಯಿ ನಾಣ್ಯದ ದಪ್ಪ.

ಗುಹೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಗ್ರ್ಯಾಂಡ್ ಕ್ಯಾನ್ಯನ್ನಿನ ತಳದ ಕಪ್ಪು ಕಲ್ಲಿಗೆ ವಿಷ್ಣುವಿನ ಹೆಸರಿದೆ. ವಿಷ್ಣು ಶಿಸ್ಟ್. ಶಿಸ್ಟ್ ಅಂದರೆ ಕಾವು, ಒತ್ತಡಕ್ಕೆ ಸಿಕ್ಕಿ ಪದರುಪದರಾದ ಕಲ್ಲು. ಒಳಗಿನ ಶಿಖರಗಳಿಗೆ ಬ್ರಹ್ಮ, ವಿಷ್ಣು, ಶಿವ ಎಂಬ ಹೆಸರುಗಳಿವೆ. 1880ರ ಸುಮಾರಿಗೆ ಇಲ್ಲಿ ಅಧ್ಯಯನ ಮಾಡಿದ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿಗೆ ಈ ಶಿಖರಗಳು ಪೂರ್ವ ದೇಶದ ಗುಡಿಗಳ ಹಾಗೆ ಕಂಡವು. ಅವ್ವನಿಗೆ ಹೇಳಿದಾಗ ಅವಳ ದನಿಯೇ ಬದಲಾಯಿತು. "ನಮ್ಮ ಗವ್ಯಾಗ ಶೇಷನ ಮ್ಯಾಲ ಕುಂತಾನ, ಅಲ್ಲಿ ತಳದಾಗ ಕುಂತಾನೇನು?" ಎಂದು ಕೇಳಿದಳು. ನನಗೂ ಆ ಹೆಸರು ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಇನ್ನೊಂದು ಮಾತೂ ನೆನಪಾಗುತ್ತದೆ. ಈ ಕಣಿವೆಗೆ ತಲೆತಲಾಂತರದಿಂದ ಸಂಬಂಧ ಇರುವ ಹನ್ನೊಂದು ಬುಡಕಟ್ಟುಗಳಿವೆ. ಅವರು ಇಟ್ಟ ಹೆಸರುಗಳ ಮೇಲೆ ದೂರದ ದೇವರ ಹೆಸರು ಬಂದು ಕೂತಿದೆ. ನಾನು 2014ರಲ್ಲಿ ಇಳಿದ ಹಾದಿಯಲ್ಲೇ ಇನ್ನೂ ಕೆಳಗೆ 'ಇಂಡಿಯನ್ ಗಾರ್ಡನ್' ಎಂಬ ತಂಗುದಾಣ ಇತ್ತು. ಅಲ್ಲಿ ಬೆಳೆ ತೆಗೆದು ಬದುಕಿದ್ದ ಹವಾಸುಪಾಯ್ ಜನರನ್ನು ಹೊರಗೆ ಹಾಕಿದ್ದರು. 2022ರಲ್ಲಿ ಅದಕ್ಕೆ 'ಹವಾಸುಪಾಯ್ ಗಾರ್ಡನ್ಸ್' ಎಂದು ಹೆಸರು ಬದಲಾಯಿಸಿದರು. ಅವ್ವನಿಗೆ ವಿಷ್ಣುವಿನ ಶಿಖರ ತೋರಿಸುವಾಗ ಈ ಕಥೆಯನ್ನೂ ಹೇಳಬೇಕು. ಅವಳು ಮನೆ ಬಿಟ್ಟು ಹೋದವರ ಮಾತು ಬಂದರೆ ಗಮನವಿಟ್ಟು ಕೇಳುವವಳು.

ಅಪ್ಪನಿಗೆ ತೋರಿಸಬೇಕಾದದ್ದು ಬೇರೆ. ಆ ವಿಷ್ಣು ಕಲ್ಲಿನ ವಯಸ್ಸು ಸುಮಾರು 170 ಕೋಟಿ ವರ್ಷ. ಕೆಲವು ಕಡೆ ಅದರ ಮೇಲೆ ನೇರವಾಗಿ ಕೂತಿರುವ ಕಂದು ಮರಳುಗಲ್ಲಿಗೆ ಐವತ್ತು ಕೋಟಿಯ ಆಸುಪಾಸು. ನಡುವಿನ ಸುಮಾರು 120 ಕೋಟಿ ವರ್ಷದ ಪದರ ಅಲ್ಲಿ ಇಲ್ಲ. ಬಂದ ಕಲ್ಲು ಸವೆದು ಕೊಚ್ಚಿಹೋಗಿ, ಆ ಸವೆದ ನೆಲದ ಮೇಲೆ ಹೊಸ ಮರಳು ಬಿದ್ದಿದೆ. ಅಂಚಿನಿಂದಲೇ ಆ ಗೆರೆ ಕಾಣುತ್ತದೆ. ಕೆಳಗೆ ನೆಟ್ಟಗೆ ನಿಂತ, ತಿರುಚಿದ ಕಲ್ಲು. ಮೇಲೆ ಹಲಗೆ ಜೋಡಿಸಿದ ಹಾಗೆ ಅಡ್ಡ ಪದರ. ಹಳೆಯ ಗೋಡೆಯ ಮುರುಕನ್ನು ತೆಗೆಯದೆ ಅದರ ಮೇಲೇ ಹೊಸ ಗೋಡೆ ಕಟ್ಟಿದ್ದನ್ನು ಅಪ್ಪ ಬೀದಿಯಿಂದಲೇ ಗುರುತಿಸುತ್ತಿದ್ದರು. ಇದನ್ನೂ ಗುರುತಿಸುತ್ತಾರೆ. ನಾನು ಬಾಯಿ ಬಿಡುವುದಿಲ್ಲ, ಅವರೇ ಹೇಳಲಿ.

ಮೂರನೇ ದಿನ ಬೆಳಿಗ್ಗೆ ಪೂರ್ವದ ತುದಿಯ ಡೆಸರ್ಟ್ ವ್ಯೂ ಕಾವಲುಗೋಪುರ. 1932ರದು, ಮೇರಿ ಕೋಲ್ಟರ್ ಎಂಬ ಹೆಣ್ಣುಮಗಳು ರೂಪಿಸಿದ್ದು. ಈ ಸೀಮೆಯ ಪುರಾತನ ಪ್ಯೂಬ್ಲೊ ಜನರು ಕಟ್ಟಿದ್ದ ಕಲ್ಲಿನ ಗೋಪುರಗಳನ್ನು ಹೋಗಿ ನೋಡಿ, ಅಳೆದು, ಅದೇ ಬಗೆಯಲ್ಲಿ ಕಟ್ಟಿಸಿದಳು. ಎತ್ತರ 21 ಮೀಟರ್. ಒಳಗೋಡೆಯ ಚಿತ್ರಗಳಲ್ಲಿ ಹೋಪಿ ಕಲಾವಿದ ಫ್ರೆಡ್ ಕಬೋಟಿ ಬರೆದವು ಇವೆ. ಇಲ್ಲಿ ಅಪ್ಪನಿಗೆ ಎಷ್ಟು ಹೊತ್ತು ಬೇಕಾದರೂ ಕೊಡುತ್ತೇನೆ. ಕರಣಿ ಹಿಡಿದ ಕೈ ಒಂದು ಗೋಡೆಯ ಮುಂದೆ ನಿಂತಾಗ ಯಾರೂ ಅವಸರ ಮಾಡಬಾರದು.

ಅಲ್ಲಿಂದ ಕೊಲೊರಾಡೊ ನದಿ ದಾಟುವುದು ನವಾಹೊ ಸೇತುವೆಯಲ್ಲಿ. 1929ರ ಹಳೆಯ ಸೇತುವೆ ಈಗ ನಡೆಯುವವರಿಗೆ ಮಾತ್ರ, 1995ರ ಹೊಸದು ಪಕ್ಕದಲ್ಲೇ ವಾಹನಗಳಿಗೆ. ಕೆಳಗೆ 140 ಮೀಟರ್ ಆಳದಲ್ಲಿ ನದಿ. ಅದೃಷ್ಟ ಇದ್ದರೆ ಕಮಾನಿನ ಕಬ್ಬಿಣದ ಮೇಲೆ ಕ್ಯಾಲಿಫೋರ್ನಿಯಾ ಕಾಂಡೊರ್ ಎಂಬ ರಣಹದ್ದು ಕೂತಿರುತ್ತದೆ. 1982ರಲ್ಲಿ ಲೋಕದಲ್ಲಿ ಉಳಿದಿದ್ದ ಈ ಹಕ್ಕಿಗಳು ಬರೀ 22. ಸಾಕಿ, ಮರಿ ಮಾಡಿಸಿ 1996ರಲ್ಲಿ ಇಲ್ಲಿನ ಕೆಂಪು ಬೆಟ್ಟಸಾಲಿನಿಂದಲೇ ಹಾರಲು ಬಿಟ್ಟರು. ಪ್ರತಿ ಹಕ್ಕಿಯ ರೆಕ್ಕೆಗೂ ನಂಬರ್ ಇರುತ್ತದೆ. ಆ ರಾತ್ರಿ ಕನಾಬ್ ಊರಿನಲ್ಲಿ ವಸತಿ.

ಝಯಾನ್ ರಾಷ್ಟ್ರೀಯ ಉದ್ಯಾನದ ಬಗ್ಗೆ ಹೆಚ್ಚು ಯೋಚಿಸುವ ಅಗತ್ಯ ಬೀಳಲಿಲ್ಲ. ಪ್ರವಾಸಿಗರ ಋತುವಿನಲ್ಲಿ ಮುಖ್ಯ ಕಣಿವೆಯ ರಸ್ತೆಗೆ ಖಾಸಗಿ ಕಾರು ಬಿಡುವುದಿಲ್ಲ, ಉದ್ಯಾನದ ಬಸ್ಸಿನಲ್ಲೇ ಹೋಗಬೇಕು, ಅದೇ ಒಳ್ಳೆಯದು. ಕೊನೆಯ ಸ್ಟಾಪಿನಿಂದ ನದಿಯ ದಂಡೆಗುಂಟ ಒಂದು ಸಪಾಟು ಹಾದಿ ಇದೆ, ಅವ್ವ ತನಗೆ ಬೇಕಾದಷ್ಟು ನಡೆದು ಕೂರಬಹುದು. ಸರಪಳಿ ಹಿಡಿದು ಹತ್ತುವ ಏಂಜಲ್ಸ್ ಲ್ಯಾಂಡಿಂಗ್‌ಗೆ 2022ರಿಂದ ಪರವಾನಗಿ ಬೇಕು, ನಮಗೆ ಅದರ ಗೊಡವೆ ಇಲ್ಲ. ಆದರೆ ಪೂರ್ವದ ಬಾಗಿಲಿನಿಂದ ಬರುವಾಗ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಲೇಬೇಕಾದ ಜಾಗ ಒಂದಿದೆ. ಅಲ್ಲಿನ ಮರಳುಗಲ್ಲಿನ ಮೇಲೆ ಬಾಚಣಿಗೆ ಎಳೆದಂತೆ ಓರೆ ಗೆರೆಗಳು. 18 ಕೋಟಿ ವರ್ಷಗಳ ಹಿಂದೆ ಇದು ಮರಳುಗಾಡು. ಗಾಳಿ ಯಾವ ಕಡೆಯಿಂದ ಬೀಸಿತೋ ಆ ಓರೆಯಲ್ಲೇ ದಿಬ್ಬಗಳು ಕಲ್ಲಾಗಿವೆ. ಬಾದಾಮಿಯ ಬಂಡೆಗಳಲ್ಲೂ ಇಂಥ ಓರೆ ಗೆರೆಗಳನ್ನು ಚಿಕ್ಕವಳಿದ್ದಾಗ ಬೆರಳಿನಿಂದ ತಡವಿದ್ದೇನೆ. ನಮ್ಮ ಕಲ್ಲು ಇದಕ್ಕಿಂತ ಬಹಳ ಹಳೆಯದು, ಪ್ರಾಣಿಗಳೇ ಹುಟ್ಟದಿದ್ದ ಕಾಲದ್ದು. ಅಪ್ಪನಿಗೆ ಇದು ಸಮಾಧಾನ ಕೊಡುವ ಸುದ್ದಿ. ಈಗಾಗಲೇ ಊರಲ್ಲಿ ನಾಲ್ಕು ಮಂದಿಗೆ ಹೇಳಿದ್ದಾರಂತೆ.

ಕೊನೆಗೆ ಮಾಳಗಿ. ಬ್ರೈಸಿನ ಅಂಚು 2,400 ಮೀಟರಿಗೂ ಎತ್ತರ. ವರ್ಷದಲ್ಲಿ ನೂರೆಪ್ಪತ್ತಕ್ಕೂ ಹೆಚ್ಚು ಸಲ ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುತ್ತದೆ. ಬಿರುಕಿನೊಳಗಿನ ನೀರು ಮಂಜುಗಡ್ಡೆಯಾದಾಗ ಉಬ್ಬಿ ಕಲ್ಲನ್ನು ಒಡೆಯುತ್ತದೆ. ಅಪ್ಪ ಕಲ್ಲಿನ ತೂತಿನಲ್ಲಿ ಬೆಣೆ ಬಡಿದು ಸೀಳುತ್ತಿದ್ದರಲ್ಲ, ಅದೇ ಕೆಲಸ. ಇಲ್ಲಿ ಬೆಣೆ ನೀರಿನದು. ಹಾಗೆ ಒಡೆದು ಉಳಿದ ಸಾವಿರಾರು ಕಂಬಗಳಿಗೆ ಹೂಡೂ ಎಂದು ಹೆಸರು. ಇಲ್ಲಿನ ಮೂಲನಿವಾಸಿ ಪೈಯೂಟ್ ಜನರ ಕಥೆಯಲ್ಲಿ ಈ ಕಂಬಗಳು, ಕೆಟ್ಟದಾಗಿ ನಡೆದುಕೊಂಡದ್ದಕ್ಕೆ ಕಯೋಟಿ ಎಂಬ ತೋಳದ ಜಾತಿಯ ಪ್ರಾಣಿ ಕಲ್ಲಾಗಿಸಿದ ಮಂದಿ. ಅಲ್ಲಿ ಎರಡು ನೋಟದ ಜಾಗಗಳ ನಡುವೆ ಅಂಚಿನ ಮೇಲೇ ಮುಕ್ಕಾಲು ಕಿ.ಮೀ. ಡಾಂಬರು ಹಾದಿ ಇದೆ. ಬೆಳಗಿನ ಬಿಸಿಲು ಬೀಳುವಾಗ ಅದರ ಮೇಲೆ ನಡೆಯುವುದು. ಸ್ವೆಟರ್, ಮಫ್ಲರ್, ಅವ್ವನಿಗೆ ಕಾಲುಚೀಲ. ಅಕ್ಟೋಬರಿನ ರಾತ್ರಿ ಅಲ್ಲಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ.

ಮರಳಿ ಬರುವಾಗ ಪೇಜ್. ಆಂಟಿಲೋಪ್ ಕಣಿವೆ ನವಾಹೊ ಜನರದು, ಅವರ ಗೈಡ್ ಇಲ್ಲದೆ ಒಳಗೆ ಹೋಗುವ ಹಾಗಿಲ್ಲ, ಹೋಗಲೂಬಾರದು. ಕೆಳಗಿನ ಭಾಗಕ್ಕೆ ಕಡಿದಾದ ಕಬ್ಬಿಣದ ಏಣಿಗಳು, ಮೇಲಿನ ಭಾಗಕ್ಕೆ ನೆಲಮಟ್ಟದಲ್ಲೇ ನಡೆದು ಹೋಗಬಹುದು. ಮೇಲಿನದನ್ನೇ ಬುಕ್ ಮಾಡಿದ್ದೇನೆ. ಎಲ್ಲ ಸೇರಿ ಸುಮಾರು 1,600 ಕಿ.ಮೀ.

ದುಡ್ಡಿನ ವಿಷಯದಲ್ಲಿ ಒಂದು ನೋವಿದೆ. ಇಲ್ಲಿಯ ನಿವಾಸಿಗಳಿಗೆ ಎಲ್ಲ ಉದ್ಯಾನಗಳಿಗೂ ನಡೆಯುವ ವಾರ್ಷಿಕ ಪಾಸ್ 80 ಡಾಲರ್. 2026ರ ಜನವರಿಯಿಂದ ಹೊರದೇಶದವರಿಗೆ ಅದು 250 ಡಾಲರ್. ಪಾಸ್ ಇಲ್ಲದ ಹೊರದೇಶದವರು ಹನ್ನೊಂದು ಉದ್ಯಾನಗಳಲ್ಲಿ ತಲೆಗೆ 100 ಡಾಲರ್ ಹೆಚ್ಚು ಕೊಡಬೇಕು. ಗ್ರ್ಯಾಂಡ್ ಕ್ಯಾನ್ಯನ್, ಝಯಾನ್, ಬ್ರೈಸ್ ಮೂರೂ ಆ ಪಟ್ಟಿಯಲ್ಲಿವೆ. ಕಲ್ಲು ನೋಡಲು ಬಂದವರಲ್ಲಿ ಈ ಭೇದ ನನಗೆ ಸರಿ ಕಾಣುವುದಿಲ್ಲ. ಊರಿಂದ ಹಿರಿಯರನ್ನು ಕರೆಸಿಕೊಳ್ಳುವವರು ನಿಯಮಗಳನ್ನು ಮೊದಲೇ ಓದಿಕೊಳ್ಳಿ.

ನೀರಿನ ಲೆಕ್ಕ ತಲೆಗೆ ದಿನಕ್ಕೆ ನಾಲ್ಕು ಲೀಟರ್. ನಾಲ್ಕು ಜನಕ್ಕೆ ಹದಿನಾರು. ಎರಡು ದಿನದ್ದು ಯಾವಾಗಲೂ ಡಿಕ್ಕಿಯಲ್ಲಿ ಇರಬೇಕು. ಪೆಟ್ರೋಲ್ ಅರ್ಧ ಟ್ಯಾಂಕಿಗೆ ಬಂದರೆ ಮುಂದೆ ಕಂಡ ಮೊದಲ ಬಂಕಿನಲ್ಲಿ ತುಂಬಿಸುವುದು. ನಾವು ಹೋಗದ ಯೂಟಾದ ಒಂದು ಹೆದ್ದಾರಿಯಲ್ಲಿ 175 ಕಿ.ಮೀ. ಉದ್ದಕ್ಕೂ ಒಂದೂ ಬಂಕ್ ಇಲ್ಲ, ನಮ್ಮ ದಾರಿ ಅಷ್ಟು ಕಠಿಣವಲ್ಲ. ಫೋನಿಗೆ ಸಿಗ್ನಲ್ ಸಿಗುತ್ತದೆಂದು ನಂಬುವ ಹಾಗಿಲ್ಲ, ಅದಕ್ಕೇ ಈ ಕಾಗದದ ನಕಾಶೆ. ಅದರ ಮೇಲೆ ನೀಲಿ ಚುಕ್ಕೆಗಳೂ ಇವೆ. ಅವು ಅವ್ವ ಹೇಳಿ ಹಾಕಿಸಿದವು. "ಹಾದ್ಯಾಗ ಸಂಡಾಸ ಎಲ್ಲೆಲ್ಲಿ ಅದಾವ, ಅದನ್ನ ಮದಲ ಬರಕೋ" ಎಂದಿದ್ದಳು. ಹನ್ನೆರಡು ವರ್ಷದಲ್ಲಿ ನನಗೆ ಯಾರೂ ಕೊಡದ ಸಲಹೆ. ಊರಲ್ಲಿ ಬಸ್ ಪ್ರಯಾಣದ ದಿನ ಅವಳು ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಈ ನಾಡಿನಲ್ಲಿ ಹಾಗೆ ಮಾಡಿದರೆ ಜೀವಕ್ಕೇ ಕುತ್ತು. ನೀಲಿ ಚುಕ್ಕೆ ಕಂಡರೆ ಅವಳು ಧೈರ್ಯವಾಗಿ ಕುಡಿಯುತ್ತಾಳೆ.

ಊಟದ್ದು ಅವಳದೇ ಹೊಣೆ. 1869ರಲ್ಲಿ ಜಾನ್ ವೆಸ್ಲಿ ಪೊವೆಲ್, ಯುದ್ಧದಲ್ಲಿ ಒಂದು ತೋಳು ಕಳೆದುಕೊಂಡವನು, ಹತ್ತು ಜನರ ತಂಡ ಕಟ್ಟಿ ನಾಲ್ಕು ದೋಣಿಗಳಲ್ಲಿ ಕೊಲೊರಾಡೊ ನದಿಯ ಪಯಣಕ್ಕೆ ಇಳಿದ. ಹತ್ತು ತಿಂಗಳ ದಿನಸಿ ಇತ್ತು. ಕೆಲವೇ ವಾರದಲ್ಲಿ ಒಂದು ದೋಣಿ ಒಡೆದು ದಿನಸಿ ನೀರುಪಾಲಾಯಿತು, ಉಳಿದದ್ದು ತೇವಕ್ಕೆ ಬೂಸ್ಟು ಹಿಡಿಯಿತು. ಮೂರು ತಿಂಗಳ ನಂತರ ದಡ ಮುಟ್ಟಿದವರು ಆರೇ ಜನ. ಈ ಕಥೆ ಕೇಳಿ ಅವ್ವ ಬಹಳ ಹೊತ್ತು ಮರುಗಿದಳು, ಆಮೇಲೆ ಕಡಕ್ ರೊಟ್ಟಿಯ ಎಣಿಕೆಯನ್ನು ಐವತ್ತರಿಂದ ಎಂಬತ್ತಕ್ಕೆ ಏರಿಸಿದಳು. ಜೋಳದ ಕಡಕ್ ರೊಟ್ಟಿಗೆ ಈ ಒಣ ಹವೆ ಹೇಳಿ ಮಾಡಿಸಿದ್ದು, ತಿಂಗಳಾದರೂ ಮುರಿದರೆ ಪಟ್ ಎನ್ನುತ್ತದೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಹಿಂಡಿಯಲ್ಲಿ ಉಪ್ಪು ಸ್ವಲ್ಪ ಮುಂದಾಗಿಯೇ ಇರಲಿ ಅವ್ವ ಎಂದೆ. ಯಾಕೆಂದು ಅವಳಿಗೆ ಹೇಳಿಲ್ಲ.

ನಿನ್ನೆ ರಾತ್ರಿ ಕೊನೆಯ ಬುಕಿಂಗ್ ಮುಗಿಸಿ ಎಂಟೂ ದಿನದ ಯೋಜನೆಯನ್ನು ಕನ್ನಡದಲ್ಲಿ ಬರೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಎತ್ತರ, ದೂರ, ಚಳಿ, ಸೂರ್ಯ ಮುಳುಗುವ ಹೊತ್ತು, ಎಲ್ಲ ಇತ್ತು. ಅರ್ಧ ತಾಸಿನ ಮೇಲೆ ಫೋನ್ ಬಂತು. ಪೂರ್ತಿ ಓದಿದ್ದರು. ಒಂದೇ ಪ್ರಶ್ನೆ ಕೇಳಿದರು.

"ಆ ತಳದ ಕಲ್ಲು ಬಡದರ ಸಪ್ಪಳ ಹೆಂಗ ಬರತೈತಿ?"

ಗೌಂಡಿಗಳು ಕಲ್ಲನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಡುತ್ತಾರೆ. ಗಂಟೆಯ ಹಾಗೆ ಠಣ್ ಎಂದರೆ ಗಟ್ಟಿ, ಮಂಕಾಗಿ ಸದ್ದು ಬಂದರೆ ಒಳಗೆ ಬಿರುಕು. ಮೂರು ವಾರ ನಾನು ಓದಿದ್ದರಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

"ಅಲ್ಲಿ ಸುತ್ತಿಗಿ ಹಚ್ಚಾಕ ಬಿಡೂದಿಲ್ಲ ಅಪ್ಪಾ" ಎಂದೆ.

"ಸುತ್ತಿಗಿ ಯಾಕವ್ವ, ಬಟ್ಟಿನ ಗೆಣ್ಣು ಸಾಕು."

ಫೋನ್ ಇಟ್ಟು ನಕಾಶೆಯ ಹತ್ತಿರ ಹೋದೆ. ಎರಡನೇ ದಿನ, ಕಾಲದ ಹಾದಿ ಎಂದು ಬರೆದ ಕಡೆ 'ಎರಡು ತಾಸು' ಎಂದಿತ್ತು. ಅಳಿಸಿ 'ನಾಲ್ಕು' ಎಂದು ಬರೆದೆ.